ಸಂಶೋಧನೆಯ ನಡುವೆ ‘ಆರ್’ ಮತ್ತು ಅದರ ಪ್ಯಾಕೇಜುಗಳನ್ನು ಸುರಕ್ಷಿತವಾಗಿ ಅಪ್‌ಡೇಟ್ ಮಾಡುವುದು ಹೇಗೆ?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ರಾಯಚೂರು

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನಲ್ಲಿ ಬೇಸಾಯಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಸವಳು-ಜವಳಿಗೆ ತುತ್ತಾದ ಗದ್ದೆಗಳಲ್ಲಿ ಭತ್ತದ ತಳಿಗಳ ಇಳುವರಿ ಹೇಗೆ ಬದಲಾಗುತ್ತದೆ ಎಂಬುದು ನನ್ನ ವಿಷಯ. ಸಿಂಧನೂರು, ಮಾನ್ವಿ ಕಡೆಯ ತಾಕುಗಳಿಂದ ಬಂದ ಅಂಕಿಅಂಶಗಳನ್ನು ಸಂಖ್ಯಾಶಾಸ್ತ್ರದ ಲೆಕ್ಕಾಚಾರಕ್ಕೆ ಬಳಸುವ ‘ಆರ್’ ತಂತ್ರಾಂಶದಲ್ಲಿ ವಿಶ್ಲೇಷಿಸುತ್ತೇನೆ. ಮುಂಗಾರು ಬೆಳೆಯ ಅಧ್ಯಾಯ ಬರೆದು ಮುಗಿದಿದ್ದು, ಅದರ ಕೋಷ್ಟಕಗಳನ್ನು ಮಾರ್ಗದರ್ಶಕರು ನೋಡಿ ಒಪ್ಪಿದ್ದಾರೆ. ಬೇಸಿಗೆ ಬೆಳೆಯ ಲೆಕ್ಕಾಚಾರ ಇನ್ನು ಆರಂಭವಾಗಬೇಕು.

ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದೆ, ಆರ್ 4.1 ಆವೃತ್ತಿಯನ್ನು ಸಂಶೋಧನೆ ಶುರುವಾದಾಗಿನಿಂದ ಮುಟ್ಟಿಲ್ಲ. ಇಳುವರಿಯ ವಿಶ್ಲೇಷಣೆಗೆ ಎಲ್‌ಎಂಇ4, ಇಎಂಮೀನ್ಸ್, ಅಗ್ರಿಕೋಲೆ ಪ್ಯಾಕೇಜುಗಳನ್ನೂ (ಪ್ಯಾಕೇಜು ಎಂದರೆ ಆರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಉಪಕರಣ) ಚಿತ್ರಗಳಿಗೆ ಜಿಜಿಪ್ಲಾಟ್2 ಪ್ಯಾಕೇಜನ್ನೂ ಬಳಸಿದ್ದೇನೆ. ಈಗ ಮಣ್ಣಿನ ಲವಣಾಂಶದ ನಕ್ಷೆ ಮಾಡಬೇಕಾಗಿದೆ. ಹಿರಿಯ ವಿದ್ಯಾರ್ಥಿಗಳಿಂದ ನನಗೆ ಬಂದಿರುವ ಸ್ಕ್ರಿಪ್ಟು ಆರ್‌ಜಿಡಾಲ್ ಪ್ಯಾಕೇಜನ್ನು ಅವಲಂಬಿಸಿದೆ, ಅದು ಈಗ ಆರ್ ಪ್ಯಾಕೇಜುಗಳ ಅಧಿಕೃತ ಜಾಲಸಂಗ್ರಹವಾದ ಕ್ರಾನ್‌ನಲ್ಲಿ ಸಿಗುತ್ತಿಲ್ಲ. ಅದರ ಬದಲಿಗೆ ಹೊಸ ಪ್ಯಾಕೇಜುಗಳನ್ನು ಹಾಕಲು ಹೋದರೆ, ಒಂದು ಇನ್ನೊಂದರ ಹೊಸ ಆವೃತ್ತಿಯನ್ನು ಬೇಡುತ್ತದೆ, ಅದು ಹೊಸ ಆರ್ ಅನ್ನೇ ಬೇಡುತ್ತದೆ. ಆರ್ ಬಳಸಲು ನಾನು ತೆರೆಯುವ ಆರ್‌ಸ್ಟುಡಿಯೊದ ಅಪ್‌ಡೇಟ್ ಗುಂಡಿ ಒತ್ತಿದರೆ ಉದ್ದನೆಯ ಪಟ್ಟಿ ಬಂದು, ಎಲ್ಲವನ್ನೂ ಆಯ್ಕೆ ಮಾಡಬಹುದು ಎನ್ನುತ್ತದೆ. ನಾನು ಆ ಕಿಟಕಿಯನ್ನು ಹಾಗೆಯೇ ಮುಚ್ಚಿ ಇಲ್ಲಿಗೆ ಬಂದಿದ್ದೇನೆ.

ನಾನು ತಿಳಿಯಬೇಕಾದದ್ದು ಇಷ್ಟು. ಅಪ್‌ಡೇಟ್ ಮಾಡಿದರೆ ಈಗಾಗಲೇ ಒಪ್ಪಿಗೆಯಾದ ಕೋಷ್ಟಕಗಳ ಸಂಖ್ಯೆಗಳು ಬದಲಾಗುವ ಸಾಧ್ಯತೆ ಇದೆಯೇ? ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವ ದಾರಿ ಇದೆಯೇ? ಅಥವಾ ಪ್ರಬಂಧ ಸಲ್ಲಿಸುವವರೆಗೆ ಏನನ್ನೂ ಮುಟ್ಟದೆ ಇರುವುದೇ ಜಾಣತನವೇ? ಇದರ ಜೊತೆಗೆ ಒಂದು ಸಣ್ಣ ವಿಷಯ: ಕ್ಷೇತ್ರೋತ್ಸವದಲ್ಲಿ ರೈತರಿಗೆ ಕೊಡುವ ಕರಪತ್ರಕ್ಕಾಗಿ ಚಿತ್ರಗಳ ಮೇಲೆ ಕನ್ನಡದಲ್ಲಿ ಹೆಸರು ಬರೆಯಲು ನೋಡಿದರೆ, ಅಕ್ಷರಗಳ ಜಾಗದಲ್ಲಿ ಕೋನಾವರಣದೊಳಗಿನ ಸಂಕೇತಗಳು ಬರುತ್ತವೆ. ಇದಕ್ಕೂ ಆವೃತ್ತಿಗೂ ಸಂಬಂಧವಿದೆಯೇ?

ಉತ್ತರ: ಸಂಖ್ಯಾಶಾಸ್ತ್ರದ ಅಧ್ಯಾಪಕ, ಗಂಗಾವತಿ

ಸಲ್ಲಿಸುವವರೆಗೆ ಏನನ್ನೂ ಮುಟ್ಟದೆ ಇರಬೇಕೇ ಎಂಬ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದರ ಉತ್ತರ ಸ್ಪಷ್ಟವಾದರೆ ಉಳಿದವು ಸುಲಭವಾಗುತ್ತವೆ. ಮುಗಿದ ಅಧ್ಯಾಯ ಮತ್ತು ಆರಂಭವಾಗಬೇಕಾದ ಅಧ್ಯಾಯ ಎರಡೂ ಒಂದೇ ಪರಿಸರದಲ್ಲಿ ನಡೆಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಮುಂಗಾರಿನ ಕೋಷ್ಟಕಗಳು ಯಾವ ಆರ್‌ನಲ್ಲಿ, ಯಾವ ಪ್ಯಾಕೇಜುಗಳಿಂದ ಬಂದವೋ ಆ ಜೋಡಣೆಯನ್ನು ಹಾಗೆಯೇ ಉಳಿಸಿಕೊಳ್ಳಿ. ನಕ್ಷೆಯನ್ನೂ ಬೇಸಿಗೆ ಬೆಳೆಯನ್ನೂ ಹೊಸ ಜೋಡಣೆಯಲ್ಲಿ ಮಾಡಿ. ನಮ್ಮ ಭಾಗದ ರೈತರು ಹೊಸ ತಳಿ ಬಂದಾಗ ಹಳೆಯ ಬೀಜವನ್ನು ಮನೆಯಲ್ಲಿ ಉಳಿಸಿಕೊಂಡು, ಒಂದು ಮಡಿಯಲ್ಲಿ ಮಾತ್ರ ಹೊಸದನ್ನು ನಾಟಿ ಮಾಡಿ ನೋಡುತ್ತಾರಲ್ಲ, ಆ ವಿವೇಕ ಇಲ್ಲಿಯೂ ಸಲ್ಲುತ್ತದೆ.

ಇದಕ್ಕೆ ಆರ್‌ನ ರಚನೆಯೇ ಅನುಕೂಲ ಮಾಡಿಕೊಟ್ಟಿದೆ. ವಿಂಡೋಸ್‌ನಲ್ಲಿ 4.1, 4.4, 4.5 ಇವು ಅಕ್ಕಪಕ್ಕದಲ್ಲಿ ಇರಬಲ್ಲವು. ಪ್ರತಿಯೊಂದಕ್ಕೂ ಪ್ಯಾಕೇಜುಗಳ ಪ್ರತ್ಯೇಕ ಲೈಬ್ರರಿ ಇರುತ್ತದೆ. ನಿಮ್ಮ 4.1ರ ಲೈಬ್ರರಿ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇರುತ್ತದೆ, 4.2ರಿಂದ ಈಚೆಗೆ ಅದು ಬಳಕೆದಾರರ ಲೋಕಲ್ ಆ್ಯಪ್‌ಡೇಟಾ ಫೋಲ್ಡರಿಗೆ ಸ್ಥಳಾಂತರವಾಗಿದೆ. ಆದ್ದರಿಂದ ಹೊಸ ಆರ್ ಅನ್ನು ಹಾಕಿದ ಮಾತ್ರಕ್ಕೆ ಹಳೆಯದರ ಒಂದು ಕಡತವೂ ಅಲುಗುವುದಿಲ್ಲ. ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಬೇಡಿ. ಆರ್‌ಸ್ಟುಡಿಯೊದ ಗ್ಲೋಬಲ್ ಆಪ್ಷನ್ಸ್‌ನಲ್ಲಿ ಯಾವ ಆರ್ ಬಳಸಬೇಕೆಂದು ಆರಿಸಿದರೆ, ಆರ್‌ಸ್ಟುಡಿಯೊ ಮತ್ತೆ ತೆರೆದಾಗ ಅದೇ ಬರುತ್ತದೆ. ಹಳೆಯ ಲೈಬ್ರರಿಯ ಫೋಲ್ಡರುಗಳನ್ನು ಹೊಸದರೊಳಗೆ ನಕಲು ಮಾಡುವ ಸಲಹೆಯೂ ನಿಮಗೆ ಸಿಗಬಹುದು. ಅದನ್ನು ಒಪ್ಪಬೇಡಿ. ಸಿ, ಸಿ++ ಅಥವಾ ಫೋರ್ಟ್ರಾನ್ ಭಾಗಗಳಿರುವ ಪ್ಯಾಕೇಜುಗಳು ಒಂದು ನಿರ್ದಿಷ್ಟ ಆರ್ ಆವೃತ್ತಿಗೆಂದು ಕಂಪೈಲ್ ಆಗಿರುತ್ತವೆ, ಅಂದರೆ ಗಣಕ ನೇರವಾಗಿ ಓಡಿಸುವ ರೂಪಕ್ಕೆ ಬದಲಾಗಿರುತ್ತವೆ. ಬೇಕಾದ ಪ್ಯಾಕೇಜುಗಳ ಹೆಸರನ್ನಷ್ಟೇ ಬರೆದುಕೊಂಡು ಹೊಸ ಆರ್‌ನಲ್ಲಿ ಹೊಸದಾಗಿಯೇ ಹಾಕುವುದು ಕ್ರಮ.

ಈಗ ಸಂಖ್ಯೆಗಳು ಬದಲಾಗುವ ಪ್ರಶ್ನೆಗೆ ಬರುತ್ತೇನೆ. ಹೌದು, ಬದಲಾಗಬಹುದು, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ವಿಷಯದಲ್ಲಿ ಅತ್ಯಂತ ಎಚ್ಚರ ಬೇಕಾದ ಭಾಗ ಇದೇ. ದೋಷ ಸಂದೇಶ ಕೊಟ್ಟು ನಿಲ್ಲುವ ಪ್ಯಾಕೇಜು ನಮ್ಮ ಸಮಯವನ್ನು ಮಾತ್ರ ತಿನ್ನುತ್ತದೆ. ಸಂದೇಶವಿಲ್ಲದೆ ಬೇರೆ ಉತ್ತರ ಕೊಡುವುದು ಪ್ರಬಂಧವನ್ನೇ ತಿನ್ನುತ್ತದೆ. 2019ರಲ್ಲಿ ಬಂದ ಆರ್ 3.6.0ರಲ್ಲಿ ಸ್ಯಾಂಪಲ್ ಫಂಕ್ಷನ್ನಿನ ಒಳಗಿನ ವಿಧಾನವನ್ನು ಬದಲಿಸಲಾಯಿತು. ಹಳೆಯ ವಿಧಾನದಲ್ಲಿ ಬಹಳ ದೊಡ್ಡ ಸಮೂಹಗಳಿಂದ ಆಯ್ಕೆ ಮಾಡುವಾಗ ಸಮಾನ ಸಂಭಾವ್ಯತೆ ಸ್ವಲ್ಪ ತಪ್ಪುತ್ತಿತ್ತು, ಅದನ್ನು ಸರಿಪಡಿಸಿದರು. ಆದರೆ ಅದರ ಪರಿಣಾಮವಾಗಿ, ಒಂದೇ ಸೀಡ್ ಸಂಖ್ಯೆ (ಯಾದೃಚ್ಛಿಕ ಆಯ್ಕೆ ಆರಂಭವಾಗುವ ಸಂಖ್ಯೆ) ಕೊಟ್ಟರೂ 3.5ರಲ್ಲಿ ಬಂದ ಯಾದೃಚ್ಛಿಕ ಕ್ರಮ 3.6ರಲ್ಲಿ ಬರುವುದಿಲ್ಲ. ತಾಕುಗಳಿಗೆ ತಳಿಗಳನ್ನು ಹಂಚಿದ ನಕಾಶೆಯನ್ನು ಸೀಡ್ ಸಂಖ್ಯೆಯಿಂದಲೇ ಮತ್ತೆ ಪಡೆಯಬಹುದೆಂದು ನಂಬಿ, ಕಾಗದದ ಪ್ರತಿಯನ್ನು ಇಟ್ಟುಕೊಳ್ಳದವರಿಗೆ ಇದು ಎಂಥ ಪೆಟ್ಟು ಎಂಬುದನ್ನು ಕ್ಷೇತ್ರ ಪ್ರಯೋಗ ಮಾಡಿದವರಿಗೆ ವಿವರಿಸಬೇಕಾಗಿಲ್ಲ. ಸ್ಯಾಂಪಲ್ ಕೈಂಡ್ ಎಂಬುದನ್ನು ರೌಂಡಿಂಗ್ ಎಂದು ಹೊಂದಿಸಿದರೆ ಹಳೆಯ ಕ್ರಮ ಮರಳುತ್ತದೆ, ಆದರೆ ಅದನ್ನು ಹೊಂದಿಸಬೇಕೆಂಬುದು ತಿಳಿದಿರಬೇಕು.

2020ರ ಆರ್ 4.0.0ರಲ್ಲಿ ಇನ್ನೊಂದು ಬದಲಾವಣೆ ಆಯಿತು. ಅಲ್ಲಿಯವರೆಗೆ ಕಡತದಿಂದ ಓದಿದ ಪಠ್ಯ ಕಾಲಮ್ಮುಗಳು ತಾವಾಗಿಯೇ ಫ್ಯಾಕ್ಟರ್ (ಸಂಕೇತ ಸಂಖ್ಯೆ ಕೊಟ್ಟ ವರ್ಗಗಳು) ಆಗುತ್ತಿದ್ದವು, ಅಂದಿನಿಂದ ಪಠ್ಯವಾಗಿಯೇ ಉಳಿಯುತ್ತವೆ. ಹಿರಿಯರ ಸ್ಕ್ರಿಪ್ಟಿನಲ್ಲಿ ತಳಿಯ ಕಾಲಮ್ಮಿನ ಲೆವೆಲ್ಸ್ (ವರ್ಗಗಳ ಪಟ್ಟಿ) ಕೇಳಿದ್ದರೆ ಈಗ ನಲ್ ಎಂಬ ಉತ್ತರ ಬರುತ್ತದೆ. ಅಂಥ ಕಾಲಮ್ಮನ್ನು ಸಂಖ್ಯೆಯಾಗಿ ಪರಿವರ್ತಿಸಿದ್ದರೆ ಹಿಂದೆ ಫ್ಯಾಕ್ಟರ್‌ನ ಸಂಕೇತ ಸಂಖ್ಯೆಗಳು ಬರುತ್ತಿದ್ದವು, ಈಗ ಬೇರೆಯೇ ಬರುತ್ತದೆ. ನಿಮ್ಮದು 4.1 ಆಗಿರುವುದರಿಂದ ಈ ಎರಡು ಬದಲಾವಣೆಗಳನ್ನು ನೀವು ಈಗಾಗಲೇ ದಾಟಿದ್ದೀರಿ. ನಿಮಗೆ ಬಂದ ಹಳೆಯ ಸ್ಕ್ರಿಪ್ಟುಗಳು ದಾಟಿವೆಯೇ ಎಂಬುದನ್ನು ಮಾತ್ರ ನೋಡಬೇಕು. 4.1ರಿಂದ ಮುಂದಕ್ಕೆ ಬಂದ ಮುಖ್ಯ ಬದಲಾವಣೆಗಳು ಹೆಚ್ಚಾಗಿ ಗದ್ದಲ ಮಾಡಿಯೇ ನಿಲ್ಲುವಂಥವು: 4.2ರಿಂದ ಇಫ್ ಷರತ್ತಿನಲ್ಲಿ ಒಂದಕ್ಕಿಂತ ಹೆಚ್ಚು ಮೌಲ್ಯಗಳಿದ್ದರೆ ದೋಷ, 4.3ರಿಂದ ಜೋಡಿ ಆ್ಯಂಪರ್ಸ್ಯಾಂಡಿಗೂ ಅದೇ ನಿಯಮ. ಇವು ಒಳ್ಳೆಯ ಬದಲಾವಣೆಗಳು, ಏಕೆಂದರೆ ಮೊದಲು ಇಂಥ ಕಡೆ ಮೊದಲ ಮೌಲ್ಯವೊಂದನ್ನೇ ತೆಗೆದುಕೊಂಡು ಲೆಕ್ಕ ಮುಂದೆ ಹೋಗುತ್ತಿತ್ತು.

ಪರಿಶೀಲನೆ ಹೀಗಿರಲಿ. ಹಳೆಯ ಆರ್‌ನಲ್ಲಿ ಮುಂಗಾರಿನ ವಿಶ್ಲೇಷಣೆಯನ್ನು ಹೊಸ ಸೆಷನ್ನಿನಲ್ಲಿ ಮೊದಲಿನಿಂದ ಕೊನೆಯವರೆಗೆ ಓಡಿಸಿ, ತಳಿಗಳ ಸರಾಸರಿ, ಪ್ರಮಾಣ ದೋಷ, ವಿಚರಣೆಯ ಘಟಕಗಳು, ಎಫ್ ಮತ್ತು ಪಿ ಮೌಲ್ಯಗಳನ್ನು ಒಂದು ಕಡತದಲ್ಲಿ ಉಳಿಸಿ. ಆವೃತ್ತಿಗಳ ಪಟ್ಟಿ ಕೊಡುವ ಸೆಷನ್‌ಇನ್ಫೊ ಆದೇಶದ ಉತ್ತರವನ್ನೂ ಅದರ ಪಕ್ಕದಲ್ಲಿ ಇಡಿ. ಬಳಿಕ ಅದೇ ಸ್ಕ್ರಿಪ್ಟನ್ನು ಅದೇ ದತ್ತಾಂಶದ ಮೇಲೆ ಹೊಸ ಆರ್‌ನಲ್ಲಿ ಓಡಿಸಿ ಎರಡನ್ನೂ ಹೋಲಿಸಿ. ಹೋಲಿಸಲು ಐಡೆಂಟಿಕಲ್ ಬದಲಿಗೆ ಆಲ್.ಈಕ್ವಲ್ ಬಳಸಿ, ಮೊದಲನೆಯದು ಕೊನೆಯ ಬಿಟ್ ವ್ಯತ್ಯಾಸವನ್ನೂ ದೋಷವೆನ್ನುತ್ತದೆ, ಎರಡನೆಯದು ಸುಮಾರು 0.000000015ರಷ್ಟು ಸಾಪೇಕ್ಷ ವ್ಯತ್ಯಾಸವನ್ನು ಸಹಿಸುತ್ತದೆ. ಎಲ್‌ಎಂಇ4ನಂಥ ಪ್ಯಾಕೇಜು ಹಂತಹಂತವಾಗಿ ಉತ್ತರದ ಹತ್ತಿರಕ್ಕೆ ಹೋಗುವ ಆಪ್ಟಿಮೈಸರನ್ನು ಬಳಸುವುದರಿಂದ, ಹಾಗೂ ಆ ಡೀಫಾಲ್ಟ್ ಆಪ್ಟಿಮೈಸರ್ ಹಿಂದೊಮ್ಮೆ ಬದಲಾಗಿಯೂ ಇರುವುದರಿಂದ, ಅಲ್ಲಿ ಐದಾರನೆಯ ದಶಮಾಂಶದಲ್ಲಿ ವ್ಯತ್ಯಾಸ ಬಂದರೆ ಗಾಬರಿಯಾಗಬೇಡಿ. ಆದರೆ ಕೋಷ್ಟಕದಲ್ಲಿ ಮುದ್ರಿಸುವ ಅಂಕಿ ಬದಲಾದರೆ, ಅಥವಾ ಯಾವ ತಳಿಗಳ ನಡುವೆ ಗಣನೀಯ ವ್ಯತ್ಯಾಸವಿದೆ ಎಂದು ತೋರಿಸಲು ಸರಾಸರಿಗಳ ಪಕ್ಕದಲ್ಲಿ ಬರೆಯುವ ಗುಂಪಿನ ಅಕ್ಷರಗಳಲ್ಲಿ ಒಂದಾದರೂ ಬೇರೆಯಾದರೆ ಅಲ್ಲಿಯೇ ನಿಲ್ಲಿ. ಆ ಒಂದು ಅಕ್ಷರದ ಮೇಲೆ ನೀವು ಒಂದು ತಳಿಯನ್ನು ಸವಳು ಭೂಮಿಗೆ ಶಿಫಾರಸು ಮಾಡುತ್ತಿರಬಹುದು. ಬದಲಾದ ಪ್ಯಾಕೇಜಿನ ನ್ಯೂಸ್ ಕಡತವನ್ನು (ಬದಲಾವಣೆಗಳ ಪಟ್ಟಿ) ಓದಿ, ಕಾರಣ ಸಿಗುವವರೆಗೆ ಹೊಸ ಜೋಡಣೆಯನ್ನು ನಂಬಬೇಡಿ.

ಉತ್ತರ: ದತ್ತಾಂಶ ತಂತ್ರಜ್ಞ, ಬಳ್ಳಾರಿ

ಮೇಲಿನ ಉತ್ತರವನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಎರಡು ಆರ್ ಆವೃತ್ತಿಗಳನ್ನು ಇಟ್ಟುಕೊಂಡರೆ ಸಾಲದು, 4.1ರ ಲೈಬ್ರರಿಯಲ್ಲೇ ಯಾರಾದರೂ ಅಪ್‌ಡೇಟ್ ಗುಂಡಿ ಒತ್ತಿದರೆ ಆ ಹಳೆಯ ಜೋಡಣೆ ಅಲ್ಲಿಗೆ ಮುಗಿಯಿತು. ಇದನ್ನು ತಡೆಯಲು ಆರ್‌ಎನ್ವ್ ಪ್ಯಾಕೇಜನ್ನು ಬಳಸಿರಿ. ಮುಂಗಾರಿನ ಪ್ರಾಜೆಕ್ಟನ್ನು 4.1ರಲ್ಲಿ ತೆರೆದು ಅದರ ಇನಿಟ್ ಆದೇಶ ಕೊಟ್ಟರೆ, ಅದು ನಿಮ್ಮ ಸ್ಕ್ರಿಪ್ಟುಗಳನ್ನು ಓದಿ ಯಾವ ಪ್ಯಾಕೇಜುಗಳು ಬೇಕೆಂದು ಗುರುತಿಸಿ, ಆ ಪ್ರಾಜೆಕ್ಟಿಗೆಂದೇ ಒಂದು ಲೈಬ್ರರಿ ಮಾಡುತ್ತದೆ ಮತ್ತು ಪ್ರತಿಯೊಂದರ ಹೆಸರು, ಆವೃತ್ತಿ, ಮೂಲವನ್ನು ಲಾಕ್ ಕಡತದಲ್ಲಿ ಬರೆದಿಡುತ್ತದೆ. ಆ ಲಾಕ್ ಕಡತವೇ ನಿಮ್ಮ ದಾಖಲೆ. ಸ್ಕ್ರಿಪ್ಟಿನ ಜೊತೆಗೆ ಅದನ್ನೂ ಗಿಟ್‌ನಲ್ಲಿಯೋ ಪೆನ್‌ಡ್ರೈವಿನಲ್ಲಿಯೋ ಕಾಪಾಡಿರಿ.

ನಕ್ಷೆಯ ಪ್ರಾಜೆಕ್ಟು ಬೇರೆ ಫೋಲ್ಡರಿನಲ್ಲಿ, ಹೊಸ ಆರ್‌ನಲ್ಲಿ, ತನ್ನದೇ ಆರ್‌ಎನ್ವ್ ಜೊತೆ ಇರಲಿ. ಅಲ್ಲಿ ಮುಂದೆ ಅಪ್‌ಡೇಟ್ ಬೇಕಾದಾಗ ಎಲ್ಲವನ್ನೂ ಒಟ್ಟಿಗೆ ಏರಿಸದೆ, ಬೇಕಾದ ಪ್ಯಾಕೇಜಿನ ಹೆಸರನ್ನು ಮಾತ್ರ ಕೊಟ್ಟು ಅಪ್‌ಡೇಟ್ ಮಾಡಿ, ಸ್ಕ್ರಿಪ್ಟನ್ನು ಓಡಿಸಿ ಫಲಿತಾಂಶ ನೋಡಿ, ಸರಿಯಿದ್ದರೆ ಸ್ನ್ಯಾಪ್‌ಶಾಟ್ ಆದೇಶದಿಂದ ಲಾಕ್ ಕಡತಕ್ಕೆ ಬರೆಯಿರಿ, ಇಲ್ಲದಿದ್ದರೆ ರಿಸ್ಟೋರ್ ಆದೇಶದಿಂದ ಲಾಕ್ ಕಡತದಲ್ಲಿರುವ ಹಿಂದಿನ ಸ್ಥಿತಿಗೆ ಮರಳಿ. ಒಂದೇ ಸಲಕ್ಕೆ ಹತ್ತಾರು ಪ್ಯಾಕೇಜುಗಳನ್ನು ಏರಿಸಿದವರಿಗೆ, ಬದಲಾದ ಉತ್ತರಕ್ಕೆ ಯಾವುದು ಕಾರಣ ಎಂದು ಹುಡುಕುವ ದಾರಿಯೇ ಇರುವುದಿಲ್ಲ. ಒಂದನ್ನು ಏರಿಸಿದಾಗ ಅದರ ಅವಲಂಬನೆಗಳಲ್ಲಿ ಕೆಲವು ಏರಬೇಕಾಗುತ್ತದೆ, ಅದು ಸಹಜ. ಆರ್‌ಲ್ಯಾಂಗ್ ಪ್ಯಾಕೇಜಿನ ಹಳೆಯ ಆವೃತ್ತಿ ಲೋಡ್ ಆಗುತ್ತಿದೆ, ಇದಕ್ಕಿಂತ ಹೊಸದು ಬೇಕು ಎಂಬ ಸಂದೇಶ ಬಂದರೆ ಬಹುಪಾಲು ಇದೇ ಕಾರಣ. ಸೆಷನ್ ಮುಚ್ಚಿ, ಹೊಸ ಸೆಷನ್ನಿನಲ್ಲಿ ಆ ಒಂದನ್ನು ಏರಿಸಿದರೆ ಪರಿಹಾರವಾಗುತ್ತದೆ.

ಆರ್‌ಎನ್ವ್‌ನ ಮಿತಿಯನ್ನೂ ತಿಳಿದಿರಬೇಕು. ಯಾವ ಆರ್ ಆವೃತ್ತಿ ಇತ್ತೆಂದು ಅದು ಬರೆದಿಡುತ್ತದೆ, ಆರ್ ಅನ್ನು ತಾನೇ ತಂದು ಹಾಕುವುದಿಲ್ಲ. ಹಾಗೆಯೇ ಕ್ರಾನ್‌ನ ಹಳೆಯ ಆವೃತ್ತಿಗಳ ಸಂಗ್ರಹದಲ್ಲಿ ಮೂಲ ಕೋಡ್ ಮಾತ್ರ ಸಿಗುತ್ತದೆ, ಅದನ್ನು ಕಂಪೈಲ್ ಮಾಡಲು ಆರ್‌ಟೂಲ್ಸ್ ಬೇಕು. ನಿಮ್ಮ 4.1ಕ್ಕೆ ಆರ್‌ಟೂಲ್ಸ್ 40, ಆರ್ 4.4ಕ್ಕೆ ಆರ್‌ಟೂಲ್ಸ್ 44, ಅದಲುಬದಲು ಮಾಡಬಾರದು. ಪಾಸಿಟ್ ಸಂಸ್ಥೆಯ ಪಬ್ಲಿಕ್ ಪ್ಯಾಕೇಜ್ ಮ್ಯಾನೇಜರ್ ಎಂಬಲ್ಲಿ ದಿನಾಂಕಕ್ಕೆ ಅನುಗುಣವಾದ ಕ್ರಾನ್ ಪ್ರತಿಗಳು ಇವೆ. ಒಂದು ದಿನಾಂಕವನ್ನು ರಿಪಾಸಿಟರಿಯಾಗಿ ಹೊಂದಿಸಿದರೆ ಅಂದು ಇದ್ದ ಆವೃತ್ತಿಗಳೇ ಬರುತ್ತವೆ, ಇಂದು ಹಾಕಿದರೂ ಮುಂದಿನ ವರ್ಷ ಹಾಕಿದರೂ ಒಂದೇ. ಹಳೆಯ ಟಿಪ್ಪಣಿಗಳಲ್ಲಿ ಇದೇ ಕೆಲಸಕ್ಕೆ ಮೈಕ್ರೋಸಾಫ್ಟ್‌ನ ಎಂರಾನ್ ಅನ್ನು ಸೂಚಿಸಿರುತ್ತಾರೆ. ಅದು 2023ರ ಜುಲೈ 1ರಂದು ಮುಚ್ಚಿದೆ.

ಏನನ್ನೂ ಮುಟ್ಟದೆ ಇರುವುದೇ ಸುರಕ್ಷಿತ ಎಂಬ ಮಾತನ್ನು ನಾನು ಒಪ್ಪದಿರಲು ಇನ್ನೊಂದು ಕಾರಣವಿದೆ. 2024ರಲ್ಲಿ ಆರ್ ತನ್ನ ದತ್ತಾಂಶವನ್ನು ಉಳಿಸುವ ಆರ್‌ಡಿಎಸ್ ಕಡತಗಳನ್ನು ಓದುವ ಭಾಗದಲ್ಲಿ ಒಂದು ಭದ್ರತಾ ದೋಷ ಬಹಿರಂಗವಾಯಿತು. ದುರುದ್ದೇಶದಿಂದ ರೂಪಿಸಿದ ಕಡತವನ್ನು ತೆರೆದು ಬಳಸಿದರೆ ಅದರೊಳಗಿನ ಕೋಡ್ ನಿಮ್ಮ ಗಣಕದಲ್ಲಿ ಓಡಬಹುದಾಗಿತ್ತು. ಅದನ್ನು 4.4.0ರಲ್ಲಿ ಸರಿಪಡಿಸಲಾಯಿತು. ಆದ್ದರಿಂದ 4.1ನ್ನು ನಿಮ್ಮದೇ ದತ್ತಾಂಶಕ್ಕೆ ಮೀಸಲಿಡಿ. ಹೊರಗಿನಿಂದ ಬಂದ ಆರ್‌ಡಿಎಸ್, ಆರ್‌ಡೇಟಾ ಕಡತಗಳನ್ನು ಅದರಲ್ಲಿ ತೆರೆಯಬೇಡಿ. ಹೊಸ ಆರ್‌ನಲ್ಲಿಯೂ ಅಪರಿಚಿತ ಮೂಲದಿಂದ ಬಂದವುಗಳ ವಿಷಯದಲ್ಲಿ ಜಾಗ್ರತೆ ಬೇಕು. ಸಾಧ್ಯವಿದ್ದಲ್ಲಿ ಸಿಎಸ್‌ವಿ ರೂಪದಲ್ಲಿ ಕೇಳಿ ಪಡೆಯಿರಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಮುಂಗಾರಿನ ಅಧ್ಯಾಯವನ್ನು 4.1ರಲ್ಲಿಯೇ ಲಾಕ್ ಮಾಡಿ, ಹೊಸ ಆರ್‌ನಲ್ಲಿ ನಕ್ಷೆಯ ಕೆಲಸ ಆರಂಭಿಸಲು ನಿರ್ಧರಿಸಿದ್ದೇನೆ. ಆರಂಭಿಸುವ ಮೊದಲು ಎರಡು ಪ್ರಾಯೋಗಿಕ ವಿಷಯಗಳು. ವಸತಿನಿಲಯದಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಬಿಟ್ಟರೆ ಬೇರೆ ಇಂಟರ್ನೆಟ್ ಇಲ್ಲ, ದೊಡ್ಡ ಪ್ಯಾಕೇಜುಗಳ ಡೌನ್‌ಲೋಡ್ ಅರ್ಧಕ್ಕೆ ನಿಲ್ಲುತ್ತದೆ; ಹಾಗೆ ನಿಂತರೆ ಮೊದಲೇ ಇದ್ದ ಪ್ಯಾಕೇಜೂ ಹಾಳಾಗುತ್ತದೆಯೇ? ಇನ್ನೊಂದು, ಗೆಳತಿಯ ಗಣಕದಲ್ಲಿ ಮ್ಯಾಟ್ರಿಕ್ಸ್ ಪ್ಯಾಕೇಜನ್ನು ಮಾತ್ರ ಅಪ್‌ಡೇಟ್ ಮಾಡಿದ ಮೇಲೆ ಎಲ್‌ಎಂಇ4 ಕೆಲಸ ಮಾಡುತ್ತಿಲ್ಲ. ಚೋಲ್‌ಮಾಡ್ ಎಂದು ಆರಂಭವಾಗುವ ಯಾವುದೋ ಫಂಕ್ಷನ್ ಮ್ಯಾಟ್ರಿಕ್ಸ್‌ನಲ್ಲಿ ಇಲ್ಲ ಎನ್ನುತ್ತದೆ. ಒಂದೊಂದನ್ನೇ ಏರಿಸುವ ಸಲಹೆಗೂ ಇದಕ್ಕೂ ಹೊಂದಾಣಿಕೆ ಹೇಗೆ?

ಉತ್ತರ: ಗಣಕ ಪ್ರಯೋಗಾಲಯದ ನಿರ್ವಾಹಕ, ಲಿಂಗಸುಗೂರು

ಎರಡನೆಯದನ್ನು ಮೊದಲು ಹೇಳುತ್ತೇನೆ. ಎಲ್‌ಎಂಇ4 ಪ್ಯಾಕೇಜು ಮ್ಯಾಟ್ರಿಕ್ಸ್‌ನ ಆರ್ ಫಂಕ್ಷನ್ನುಗಳನ್ನಷ್ಟೇ ಕರೆಯುವುದಿಲ್ಲ, ಅದರ ಸಿ ಭಾಷೆಯ ಒಳಭಾಗಕ್ಕೂ ನೇರವಾಗಿ ಕೈಹಾಕುತ್ತದೆ. ಯಾವ ಮ್ಯಾಟ್ರಿಕ್ಸ್ ಎದುರಿಗಿದ್ದಾಗ ಎಲ್‌ಎಂಇ4 ಕಂಪೈಲ್ ಆಯಿತೋ ಅದರ ಒಳರಚನೆಯನ್ನೇ ಅದು ನಿರೀಕ್ಷಿಸುತ್ತದೆ. ಮ್ಯಾಟ್ರಿಕ್ಸ್ 1.6ರ ಸರಣಿಯಲ್ಲಿ ಆ ಒಳರಚನೆ ಬದಲಾದಾಗ, ಹಳೆಯ ಎಲ್‌ಎಂಇ4 ಉಳಿಸಿಕೊಂಡ ಅನೇಕರಿಗೆ ಇದೇ ಸಂದೇಶ ಬಂತು. ಪರಿಹಾರವೆಂದರೆ ಎಲ್‌ಎಂಇ4ನ್ನು ಈಗಿನ ಮ್ಯಾಟ್ರಿಕ್ಸ್‌ನ ಎದುರು ಮತ್ತೆ ಕಂಪೈಲ್ ಮಾಡುವುದು, ಅಥವಾ ಪ್ರಸ್ತುತ ಆರ್‌ನಲ್ಲಿ ಎರಡನ್ನೂ ಕ್ರಾನ್‌ನಿಂದ ಒಟ್ಟಿಗೆ ಹೊಸದಾಗಿ ಹಾಕುವುದು. ಒಂದೊಂದನ್ನೇ ಏರಿಸುವ ನಿಯಮಕ್ಕೆ ಇಷ್ಟು ತಿದ್ದುಪಡಿ ಸೇರಿಸಿಕೊಳ್ಳಿ: ಒಂದರ ಒಳಭಾಗಕ್ಕೆ ಇನ್ನೊಂದು ಅಂಟಿಕೊಂಡಿರುವ ಜೋಡಿಗಳು ಒಟ್ಟಿಗೇ ಏರಬೇಕು. ಪ್ಯಾಕೇಜಿನ ವಿವರಣಾ ಪುಟದಲ್ಲಿ ಲಿಂಕಿಂಗ್‌ಟು ಎಂಬ ಸಾಲು ಇರುತ್ತದೆ, ಅಲ್ಲಿರುವ ಹೆಸರುಗಳನ್ನು ನೋಡಿದರೆ ಈ ಜೋಡಿಗಳು ತಿಳಿಯುತ್ತವೆ. ಮ್ಯಾಟ್ರಿಕ್ಸ್ 1.7-0ರಿಂದ ಈಚೆಗೆ ಆರ್ 4.4 ಇರಲೇಬೇಕು, ನಿಮ್ಮ ಗೆಳತಿಯದು ಅದಕ್ಕಿಂತ ಹಳೆಯದಾಗಿದ್ದರೆ ಆರ್ ಅನ್ನೇ ಹೊಸದಾಗಿ ಹಾಕುವುದು ಒಳ್ಳೆಯದು.

ಇನ್ನು ಡೌನ್‌ಲೋಡ್. ಆರ್‌ನಲ್ಲಿ ಡೌನ್‌ಲೋಡಿಗೆ ಡೀಫಾಲ್ಟ್ ಕಾಲಮಿತಿ 60 ಸೆಕೆಂಡು ಮಾತ್ರ. ನಿಧಾನದ ಸಂಪರ್ಕದಲ್ಲಿ ಅದು ಸಾಲದು. ಆಪ್ಷನ್ಸ್ ಆದೇಶದಲ್ಲಿ ಟೈಮ್‌ಔಟ್ ಅನ್ನು 600ಕ್ಕೆ ಏರಿಸಿ. ಡೌನ್‌ಲೋಡ್ ನಡುವೆ ನಿಂತರೆ ಹಳೆಯ ಪ್ಯಾಕೇಜಿಗೆ ಏನೂ ಆಗುವುದಿಲ್ಲ, ಏಕೆಂದರೆ ಕಡತ ಪೂರ್ತಿ ಬಂದ ಬಳಿಕವೇ ಅದನ್ನು ಬದಲಿಸುವ ಕೆಲಸ ಶುರುವಾಗುತ್ತದೆ. ಅಪಾಯ ಇರುವುದು ಬದಲಿಸುವ ಹಂತದಲ್ಲಿ. ವಿಂಡೋಸ್‌ನಲ್ಲಿ ಲೋಡ್ ಆಗಿರುವ ಪ್ಯಾಕೇಜಿನ ಡಿಎಲ್‌ಎಲ್ ಕಡತವನ್ನು ಅಳಿಸಲು ಬರುವುದಿಲ್ಲ, ಆಗ ಅರ್ಧ ಹೊಸದು ಅರ್ಧ ಹಳೆಯದು ಆದ ಫೋಲ್ಡರು ಉಳಿಯಬಹುದು. ಆದ್ದರಿಂದ ಆರ್‌ಸ್ಟುಡಿಯೊದ ಎಲ್ಲ ಕಿಟಕಿಗಳನ್ನೂ ಮುಚ್ಚಿ, ಯಾವ ಪ್ಯಾಕೇಜೂ ಲೋಡ್ ಆಗದ ಹೊಸ ಸೆಷನ್ನಿನಲ್ಲಿ ಮಾತ್ರ ಅಪ್‌ಡೇಟ್ ಮಾಡಿ. ಹಿಂದಿನ ಪ್ರಯತ್ನ ನಡುವೆ ನಿಂತು ಲೈಬ್ರರಿಯಲ್ಲಿ 00ಲಾಕ್ ಎಂದು ಆರಂಭವಾಗುವ ಫೋಲ್ಡರು ಉಳಿದಿದ್ದರೆ, ಆರ್ ಮುಚ್ಚಿರುವಾಗ ಅದನ್ನು ತೆಗೆದು ಆ ಪ್ಯಾಕೇಜನ್ನು ಮತ್ತೆ ಹಾಕಿ. ಬೇಸಿಗೆಯಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗುವುದಿಲ್ಲವಾದ್ದರಿಂದ, ಬ್ಯಾಟರಿ ತುಂಬಿರುವಾಗ ಈ ಕೆಲಸಕ್ಕೆ ಕೂರಿ.

ಕಾಲೇಜಿನಲ್ಲಿ ಒಳ್ಳೆಯ ಸಂಪರ್ಕ ಇರುವ ಗಣಕವಿದ್ದರೆ, ಅಲ್ಲಿ ಡೌನ್‌ಲೋಡ್.ಪ್ಯಾಕೇಜಸ್ ಆದೇಶದಿಂದ ನಿಮ್ಮ ಆರ್ ಆವೃತ್ತಿಗೆ ಹೊಂದುವ ವಿಂಡೋಸ್ ಬೈನರಿಗಳನ್ನು (ಮೊದಲೇ ಕಂಪೈಲ್ ಆದ ಸಿದ್ಧ ಕಡತಗಳು) ಅವಲಂಬನೆಗಳ ಸಮೇತ ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದು ಕಡತದಿಂದಲೇ ಹಾಕಬಹುದು. ನಮ್ಮ ಪ್ರಯೋಗಾಲಯದ ಗಣಕಗಳಿಗೆ ಪ್ಯಾಕೇಜುಗಳು ಹೋಗುವುದು ಈ ದಾರಿಯಲ್ಲಿಯೇ, ಎಲ್ಲದರಲ್ಲೂ ಒಂದೇ ಆವೃತ್ತಿ ಇರುತ್ತದೆ ಎಂಬುದು ಅದರ ದೊಡ್ಡ ಲಾಭ. ಕಂಪೈಲ್ ಬೇಕಾದ ಹೊಸ ಮೂಲ ಕೋಡ್ ಇದೆ, ಅದರಿಂದ ಹಾಕಲೇ ಎಂದು ಆರ್ ಕೇಳಿದಾಗ, ಆರ್‌ಟೂಲ್ಸ್ ಇಲ್ಲದಿದ್ದರೆ ಬೇಡ ಎನ್ನಿ. ಸ್ವಲ್ಪ ಹಳೆಯದಾದ ಸಿದ್ಧ ಬೈನರಿ ಬರುತ್ತದೆ, ಕೆಲವೇ ದಿನಗಳಲ್ಲಿ ಹೊಸದರ ಬೈನರಿಯೂ ಸಿದ್ಧವಾಗುತ್ತದೆ. ಡಾಕ್ಯುಮೆಂಟ್ಸ್ ಫೋಲ್ಡರು ಒನ್‌ಡ್ರೈವ್‌ಗೆ ಸಿಂಕ್ ಆಗುತ್ತಿದ್ದರೆ, ನಿಮ್ಮ 4.1ರ ಲೈಬ್ರರಿಯನ್ನು ಅದರ ವ್ಯಾಪ್ತಿಯಿಂದ ಹೊರಗಿಡಿ.

ಉತ್ತರ: ಸಂಖ್ಯಾಶಾಸ್ತ್ರದ ಅಧ್ಯಾಪಕ, ಗಂಗಾವತಿ

ನಕ್ಷೆ ಮತ್ತು ಕನ್ನಡದ ವಿಷಯ ಉಳಿದಿತ್ತು. ಆರ್‌ಜಿಡಾಲ್, ಆರ್‌ಜಿಯೊಸ್, ಮ್ಯಾಪ್‌ಟೂಲ್ಸ್ ಮೂರೂ 2023ರ ಅಕ್ಟೋಬರ್‌ನಲ್ಲಿ ನಿವೃತ್ತಿಯಾದವು. ಅವನ್ನು ಹಳೆಯ ಸಂಗ್ರಹದಿಂದ ಎತ್ತಿ ತಂದು ಹಾಕುವ ಶ್ರಮಕ್ಕಿಂತ, ಗಡಿ ಮತ್ತು ಬಿಂದುಗಳ ಭಾಗವನ್ನು ಎಸ್‌ಎಫ್ ಪ್ಯಾಕೇಜಿಗೆ, ರಾಸ್ಟರ್ (ಚೌಕಗಳ ಜಾಲವಾಗಿರುವ ನಕ್ಷೆ) ಭಾಗವನ್ನು ಟೆರ್ರಾ ಪ್ಯಾಕೇಜಿಗೆ ಬರೆದುಕೊಳ್ಳುವುದು ಮೇಲು. ಕೋಡ್ ಚಿಕ್ಕದಾಗುತ್ತದೆ, ಮುಂದೆ ನಿಮ್ಮ ಕಿರಿಯರಿಗೂ ಅದು ಉಳಿಯುತ್ತದೆ.

ಕನ್ನಡದ ತೊಂದರೆಗೂ ಆವೃತ್ತಿಗೂ ನೇರ ಸಂಬಂಧವಿದೆ. 4.2ಕ್ಕಿಂತ ಮೊದಲಿನ ಆರ್, ವಿಂಡೋಸ್‌ನಲ್ಲಿ ಆ ಗಣಕದ ಸ್ಥಳೀಯ ಎನ್‌ಕೋಡಿಂಗನ್ನು ಬಳಸುತ್ತಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲದ್ದರಿಂದ ಅಕ್ಷರಗಳ ಬದಲು ಯೂನಿಕೋಡ್ ಸಂಖ್ಯೆಗಳು ಕಾಣುತ್ತಿದ್ದವು. 2022ರ ಏಪ್ರಿಲ್‌ನಲ್ಲಿ ಬಂದ 4.2.0ರಿಂದ, ವಿಂಡೋಸ್ 10ರ ಇತ್ತೀಚಿನ ಆವೃತ್ತಿಗಳಲ್ಲಿ ಆರ್ ಯುಟಿಎಫ್-8 ಅನ್ನೇ ಬಳಸುತ್ತದೆ. ಹಳೆಯ ಸ್ಕ್ರಿಪ್ಟು ಕಡತಗಳನ್ನು ಆರ್‌ಸ್ಟುಡಿಯೊದಲ್ಲಿ ಯುಟಿಎಫ್-8 ಎನ್‌ಕೋಡಿಂಗಿನಲ್ಲಿ ಒಮ್ಮೆ ಉಳಿಸಿಕೊಳ್ಳಿ. ಹೊಸ ಆರ್‌ನಲ್ಲಿಯೂ ಅಕ್ಷರಗಳು ಬಂದು ಒತ್ತಕ್ಷರಗಳು ಒಡೆದು ಕಂಡರೆ, ಚಿತ್ರವನ್ನು ರ್‍ಯಾಗ್ ಪ್ಯಾಕೇಜಿನ ಮೂಲಕ ಪಿಎನ್‌ಜಿಯಾಗಿ ಉಳಿಸಿ, ನುಡಿಯಂಥ ಹಳೆಯ ಎನ್‌ಕೋಡಿಂಗಿನ ಅಕ್ಷರಗಳನ್ನು ಬಿಟ್ಟು ಯೂನಿಕೋಡ್ ಫಾಂಟನ್ನು ಹೆಸರಿಸಿ. ರ್‍ಯಾಗ್ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ತಂತ್ರಾಂಶವನ್ನು ಬಳಸುವುದರಿಂದ ‘ಗಂಗಾವತಿ ಸೋನಾ’ದಂಥ ಸರಳ ಹೆಸರುಗಳ ಜೊತೆಗೆ ‘ಕ್ಷಾರ’, ‘ಹೆಕ್ಟೇರ್’, ‘ಕ್ವಿಂಟಲ್’ ಎಂಬ ಪದಗಳೂ ರೈತರು ಓದುವ ರೂಪದಲ್ಲಿಯೇ ಬರುತ್ತವೆ. ಕರಪತ್ರ ಅಚ್ಚಿಗೆ ಹೋಗುವ ಮೊದಲು ರೆಸಲ್ಯೂಷನ್ನನ್ನು 300 ಡಿಪಿಐಗೆ ಇಟ್ಟು ಒಂದು ಪ್ರತಿಯನ್ನು ಕಾಗದದ ಮೇಲೆ ನೋಡಿ.